ಬೀರುವಿನ ಬೀಗ ತೆಗೆಯಲು ಧೈರ್ಯ ಕೊಡಿ: ಶಾಲೆಗಳಿಗೆ ಟ್ಯಾಬ್, ಸ್ಮಾರ್ಟ್ ಕ್ಲಾಸ್ ಕೊಡಿಸುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್, ಟ್ಯಾಬ್, ಸ್ಮಾರ್ಟ್ ಕ್ಲಾಸ್ ಮಂಜೂರು ಮಾಡುವ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ, ದಾನ ಕೊಡುವ ಕಂಪನಿಗಳಿಗೆ ಮತ್ತು ಹಳೆ ವಿದ್ಯಾರ್ಥಿ ಸಂಘದವರಿಗೆ,

ಮಾನ್ಯರೇ, ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿ 18 ವರ್ಷವಾಯಿತು. ಯಾರೋ ಒಬ್ಬರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಟ್ಯಾಬ್ ಕೊಡಿಸುವವರು, ಅದಕ್ಕೆ ಸಹಿ ಹಾಕುವವರು, ಉದ್ಘಾಟನೆಗೆ ಬರುವವರು, ಓದಿದ ಶಾಲೆಗೆ ಏನಾದರೂ ಮಾಡೋಣ ಅಂತ ಬೆಂಗಳೂರಿನಿಂದ ದುಡ್ಡು ಒಟ್ಟು ಮಾಡಿ ಕಳಿಸುವ ನಮ್ಮೂರಿನ ಮಕ್ಕಳು, ನೀವೆಲ್ಲ ಒಟ್ಟಿಗೆ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿ ನೋಡಿದೆ. ಪ್ರತಿಯೊಬ್ಬರೂ 'ಅದು ನಮ್ಮ ಕೈಯಲ್ಲಿಲ್ಲ ಮೇಡಂ, ಅವರನ್ನು ಕೇಳಿ' ಅಂದರು.

ನಮ್ಮ ಶಾಲೆಯ ಆಫೀಸ್ ರೂಮಿನಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಕೆಳಗಿನ ಎರಡು ಖಾನೆಯಲ್ಲಿ 20 ಟ್ಯಾಬ್‌ಗಳಿವೆ. ಬಂದು ನಾಲ್ಕು ವರ್ಷವಾಯಿತು. ಬಂದ ದಿನ ಶಾಮಿಯಾನ ಹಾಕಿದ್ದೆವು, ಮಕ್ಕಳು ಸ್ವಾಗತ ಗೀತೆ ಹಾಡಿದರು, ಬಂದವರೆಲ್ಲ ಮಕ್ಕಳ ಕೈಗೆ ಒಂದೊಂದು ಟ್ಯಾಬ್ ಕೊಟ್ಟು ಫೋಟೋ ತೆಗೆಸಿಕೊಂಡರು. ಫೋಟೋ ಆದ ಮೇಲೆ ಟ್ಯಾಬ್‌ಗಳನ್ನು ವಾಪಸ್ ತೆಗೆದುಕೊಂಡು, ಎಣಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಅವತ್ತು ಆರನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಹೈಸ್ಕೂಲು ಮುಗಿಸಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಆ ಟ್ಯಾಬ್ ಹಿಡಿದದ್ದು ಆ ಫೋಟೋದಲ್ಲಿ ಮಾತ್ರ.

ಇದಕ್ಕೆ ಟೀಚರುಗಳ ಸೋಮಾರಿತನ ಕಾರಣ ಅಂತ ನೀವು ಅಂದುಕೊಂಡಿರಬಹುದು. ನನ್ನ ಎದುರಿಗೇ ಹಾಗೆ ಅಂದವರಿದ್ದಾರೆ. ನಿಜವಾದ ಕಾರಣ ದಾಸ್ತಾನು ಪುಸ್ತಕ. ಶಾಲೆಗೆ ಬಂದ ಪ್ರತಿ ಸಾಮಾನೂ ಸ್ಟಾಕ್ ರಿಜಿಸ್ಟರ್‌ಗೆ ಏರಬೇಕು. ಹೆಡ್‌ಮಾಸ್ಟರ್‌ಗೆ ವರ್ಗವಾದರೆ ಅದನ್ನೆಲ್ಲ ಎಣಿಸಿ ಮುಂದಿನವರಿಗೆ ಚಾರ್ಜ್ ಕೊಡಬೇಕು. ಒಂದು ಕಡಿಮೆಯಾದರೂ, ಒಂದರ ಗಾಜು ಬಿರುಕು ಬಿಟ್ಟರೂ ಉತ್ತರ ಹೇಳಬೇಕಾದವರು ಅವರು. ನಮ್ಮಲ್ಲಿ ಮೊದಲ ತಿಂಗಳೇ ಒಬ್ಬ ಹುಡುಗನ ಕೈಯಿಂದ ಟ್ಯಾಬ್ ಜಾರಿ ಗಾಜು ಒಡೆಯಿತು. ಆಗಿದ್ದ ಹೆಡ್‌ಮಾಸ್ಟರು ಮೂರು ಸಲ ಓಡಾಡಿ, ವಿವರಣೆ ಬರೆದು ಕೊಟ್ಟು, ಕೊನೆಗೆ ತಮ್ಮ ಸಂಬಳದ ದುಡ್ಡಿನಲ್ಲಿ ರಿಪೇರಿ ಮಾಡಿಸಿದರು. ಆ ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಕರೆದುಕೊಂಡು ಬಂದೆವು. ಅವತ್ತಿನಿಂದ ಬೀರುವಿನ ಬೀಗ ತೆಗೆಯಲೇ ಇಲ್ಲ. ಹೆಡ್‌ಮಾಸ್ಟರ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಹಾಗಾಗಿ ನನ್ನ ಮೊದಲ ಮತ್ತು ಮುಖ್ಯ ಬೇಡಿಕೆ ಇಷ್ಟೇ. ಮಕ್ಕಳು ಬಳಸಿದರೆ ಸಾಮಾನು ಒಡೆಯುತ್ತದೆ, ಅದನ್ನು ಮೊದಲೇ ಒಪ್ಪಿಕೊಳ್ಳಿ. 20 ಟ್ಯಾಬ್ ಕೊಡುವಾಗಲೇ 'ಇದರಲ್ಲಿ ವರ್ಷಕ್ಕೆ ಎರಡು ಹಾಳಾಗಬಹುದು, ಅದಕ್ಕೆ ಯಾರನ್ನೂ ಕೇಳುವುದಿಲ್ಲ, ರಿಪೇರಿ ದುಡ್ಡು ಇಲ್ಲಿದೆ' ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ. ಸೀಮೆಸುಣ್ಣ ಸವೆದರೆ ಯಾರಾದರೂ ನೋಟಿಸ್ ಕೊಡುತ್ತಾರಾ? ಚೆಂಡು ಹರಿದರೆ? ಆ ಒಂದು ಹಾಳೆ ಕೈಯಲ್ಲಿದ್ದರೆ ನಮ್ಮಂಥ ಎಷ್ಟೋ ಶಾಲೆಗಳ ಬೀರು ನಾಳೆಯೇ ತೆರೆಯುತ್ತವೆ. ಹೊಸ ಟ್ಯಾಬ್ ಕೊಡಿಸುವುದಕ್ಕಿಂತ ಇದಕ್ಕೆ ಖರ್ಚು ತುಂಬಾ ಕಡಿಮೆ.

ಇನ್ನು ಸ್ಮಾರ್ಟ್ ಕ್ಲಾಸ್. ನಮ್ಮದು ಪ್ರೊಜೆಕ್ಟರ್ ಇರುವ ಕೋಣೆ. ಅದರ ಜೊತೆ ವಿಡಿಯೋ ಪಾಠಗಳಿರುವ ಸಾಫ್ಟ್‌ವೇರ್ ಬಂತು. ಮೊದಲ ದಿನ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಎರಡನೇ ವಾರಕ್ಕೆ ಹಿಂದಿನ ಸಾಲಿನವರು ಪಿಸುಗುಟ್ಟತೊಡಗಿದರು, ತಿಂಗಳು ಕಳೆಯುವಷ್ಟರಲ್ಲಿ ಕತ್ತಲೆ ಕೋಣೆಯಲ್ಲಿ ಇಬ್ಬರು ನಿದ್ದೆ ಹೋಗಿದ್ದರು. ವಿಡಿಯೋ ಕೆಟ್ಟದ್ದೇನಲ್ಲ, ಚಿತ್ರಗಳೂ ಚೆನ್ನಾಗಿದ್ದವು. ಆದರೆ ಬೇರೆ ಭಾಷೆಯಲ್ಲಿ ಮಾಡಿ ಕನ್ನಡದ ದನಿ ಅಂಟಿಸಿದ್ದು ಅಂತ ಮಕ್ಕಳಿಗೂ ಗೊತ್ತಾಗುತ್ತಿತ್ತು. ಓಡುವ ಮಾತು, ಪುಸ್ತಕದ ಪದಗಳು. ನಿಲ್ಲಿಸಿ ಪ್ರಶ್ನೆ ಕೇಳಿದರೆ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಅವರು ಕೂತು ನೋಡುತ್ತಿದ್ದರು, ಅಷ್ಟೇ. ಮೂರು ವರ್ಷಕ್ಕೆ ಆ ಸಾಫ್ಟ್‌ವೇರಿನ ಲೈಸೆನ್ಸ್ ಮುಗಿಯಿತು. ಹಾಕಿದವರ ನಂಬರಿಗೆ ಫೋನ್ ಮಾಡಿದರೆ ಆ ನಂಬರೇ ಚಾಲ್ತಿಯಲ್ಲಿಲ್ಲ. ಅಷ್ಟು ಹೊತ್ತಿಗೆ ಯುಪಿಎಸ್ ಬ್ಯಾಟರಿಯೂ ಸತ್ತಿತ್ತು.

ಈ ಕಥೆ ನಮ್ಮ ಶಾಲೆಯಿಂದ ಶುರುವಾದದ್ದಲ್ಲ. ಹಳೆ ಹೆಸರುಗಳನ್ನೆಲ್ಲ ನೆನಪಿಸಿಕೊಳ್ಳಿ. 2001ರ ಸುಮಾರಿಗೆ 'ಮಾಹಿತಿ ಸಿಂಧು' ಅಂತ ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. 2004ರಲ್ಲಿ ಇಸ್ರೋ ಎಜುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಡಿಶ್ ಮತ್ತು ಟಿವಿ ಬಂದವು, ಪಾಠ ನೇರ ಆಕಾಶದಿಂದ ಇಳಿಯುತ್ತಿತ್ತು. ರೇಡಿಯೋದಲ್ಲಿ 'ಕೇಳಿ-ಕಲಿ' ಬರುತ್ತಿತ್ತು. 2016ರ ನಂತರ ಶಿಕ್ಷಕರಿಗೆ ಕಂಪ್ಯೂಟರ್ ಬಳಸಿ ಪಾಠ ಮಾಡಲು ಕಲಿಸುವ ಟಾಲ್ಪ್ ಕಾರ್ಯಕ್ರಮ ಬಂತು, ಪ್ರೌಢಶಾಲೆಯ ಎಷ್ಟೋ ಶಿಕ್ಷಕರು ಮೊದಲ ಸಲ ಕನ್ನಡದಲ್ಲಿ ಟೈಪ್ ಮಾಡಲು ಕಲಿತದ್ದು ಆ ತರಬೇತಿಯಲ್ಲೇ. 2017ರಲ್ಲಿ ಡಿಜಿಟಲ್ ಪಾಠಗಳ ಜಾಲತಾಣ ದೀಕ್ಷಾ ಬಂತು, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಬಂತು. ಪ್ರತಿಯೊಂದರಲ್ಲೂ ಒಳ್ಳೆಯದಿತ್ತು. ಪ್ರತಿಯೊಂದಕ್ಕೂ ದುಡಿದ ಒಳ್ಳೆಯ ಜನ ಇದ್ದರು. ಆದರೆ ಸಾಮಾನು ತರುವುದಕ್ಕೆ ಇದ್ದ ಉತ್ಸಾಹ ಅದು ಐದನೇ ವರ್ಷದಲ್ಲೂ ನಡೆಯುವಂತೆ ನೋಡಿಕೊಳ್ಳುವುದಕ್ಕೆ ಇರಲಿಲ್ಲ. ಈಗ ಎಐ ಅನ್ನುತ್ತಿದ್ದೀರಿ. ಬರಲಿ, ಸಂತೋಷ. ಅದಕ್ಕೂ ಇದೇ ಗತಿ ಬರಬಾರದು ಅನ್ನುವ ಆತಂಕ ನನಗೆ.

ಈಗ ನಮ್ಮಲ್ಲಿ ಚೆನ್ನಾಗಿ ನಡೆದ ಒಂದು ವಿಷಯ ಹೇಳುತ್ತೇನೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಏಳನೇ ಕ್ಲಾಸಿನ ಗಣಿತದಲ್ಲಿ ದತ್ತಾಂಶದ ಪಾಠ ಇದೆ. ಸರಾಸರಿ, ಸ್ತಂಭಾಲೇಖ ಎಲ್ಲ ಬರುತ್ತದೆ. ಪುಸ್ತಕದಲ್ಲಿ ಕೊಟ್ಟ ಲೆಕ್ಕವನ್ನು ಮಕ್ಕಳು ಸುಮ್ನೆ ಬಿಡಿಸಿ ಮುಗಿಸುತ್ತಾರೆ, ಮನಸ್ಸಿಗೆ ಏನೂ ತಟ್ಟುವುದಿಲ್ಲ. ಒಂದು ವರ್ಷ ಹಳೆ ವಿದ್ಯಾರ್ಥಿಯೊಬ್ಬ ತಾನು ಬಿಟ್ಟ ಹಳೆ ಲ್ಯಾಪ್‌ಟಾಪ್ ತಂದುಕೊಟ್ಟ. ಅದು ದಾಸ್ತಾನಿಗೆ ಏರಲಿಲ್ಲ, ಹಾಗಾಗಿ ಹೆದರಿಕೆ ಇರಲಿಲ್ಲ. ಅದರಲ್ಲಿ ಪಟ್ಟಿ, ಲೆಕ್ಕ, ಗ್ರಾಫ್ ಮಾಡಬಹುದಾದ ಲಿಬ್ರೆ ಆಫೀಸ್ ಅನ್ನುವ ಸಾಫ್ಟ್‌ವೇರ್ ಇತ್ತು. ನಾನು ಮಕ್ಕಳಿಗೆ ಕೇಳಿದೆ, ನಮ್ಮೂರಲ್ಲಿ ಎಷ್ಟು ಬೋರ್‌ವೆಲ್ ಇವೆ? ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಂಡು ಮನೆ ಮನೆಗೆ ಹೋದರು. ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಎಷ್ಟು ಇಂಚು ನೀರು ಬಿತ್ತು, ಈಗ ಬರುತ್ತಿದೆಯಾ ನಿಂತಿದೆಯಾ. ಅದನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಸಲು ಕೂತಾಗ ಮೊದಲ ಜಗಳ. ಒಬ್ಬಳು '600 ಅಡಿ' ಅಂತ ಟೈಪ್ ಮಾಡಿದ್ದಳು, ಇನ್ನೊಬ್ಬ ಬರೀ 600 ಅಂತ, ಮತ್ತೊಬ್ಬ ಆರುನೂರು ಅಂತ ಅಕ್ಷರದಲ್ಲಿ. ಸರಾಸರಿ ತೆಗೆಯಲು ಹೋದರೆ ತಪ್ಪು ಉತ್ತರ. ಯಾಕೆ ಅಂತ ಹುಡುಕಲು ಅವರಿಗೆ ಅರ್ಧ ದಿನ ಹಿಡಿಯಿತು. ನಾನು ಹೇಳಿಕೊಡಲಿಲ್ಲ, ತುಟಿ ಕಚ್ಚಿಕೊಂಡು ಕೂತಿದ್ದೆ. ಕೊನೆಗೆ ಅವರೇ ಕಂಡುಕೊಂಡರು, ಸಂಖ್ಯೆಯ ಜೊತೆ ಅಕ್ಷರ ಸೇರಿದರೆ ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ. ಆ ಅರ್ಧ ದಿನ ಯಾರಿಗೂ ನಿದ್ದೆ ಬರಲಿಲ್ಲ.

ಒಬ್ಬ ಹುಡುಗ ಇದ್ದ. ಕಡಲೇಕಾಯಿ ಕೀಳುವ ಕಾಲಕ್ಕೆ ವಾರಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ, ಬಂದರೂ ಮಾತಿಲ್ಲ. ಅವನ ತಾತ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು ನೀರಿನ ಪಾಯಿಂಟ್ ತೋರಿಸುವವರು. ಅವನು ಎದ್ದು ನಿಂತು, 'ಮಿಸ್, ಪಾಯಿಂಟ್ ಯಾರು ನೋಡಿದ್ದು ಅಂತ ಇನ್ನೊಂದು ಕಂಬಸಾಲು ಹಾಕೋಣ' ಅಂದ. ಹಾಕಿದೆವು. ಎಲ್ಲ ಮುಗಿದಾಗ 43 ಬೋರ್‌ವೆಲ್ ಲೆಕ್ಕಕ್ಕೆ ಸಿಕ್ಕಿದ್ದವು. ಹಳೆಯವು ಇನ್ನೂರು ಅಡಿ ಒಳಗೆ, ಹೊಸವು ಎಂಟುನೂರು, ಒಂಬೈನೂರು. ಅರ್ಧದಷ್ಟು ನಿಂತುಹೋಗಿದ್ದವು. ತಾತ ತೋರಿಸಿದ ಪಾಯಿಂಟುಗಳಲ್ಲೂ ಅರ್ಧ ನಿಂತಿದ್ದವು. ಆ ಹುಡುಗ ಅದನ್ನು ತಾನೇ ಟೈಪ್ ಮಾಡಿದ, ಮುಚ್ಚಿಡಲಿಲ್ಲ. ಆಮೇಲೆ ಅವನು ರಜೆ ಹಾಕಿದ್ದು ಕಡಿಮೆ. ಗ್ರಾಫ್ ನೋಡಿ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ, 'ಹಿಂಗೇ ಹೋದರೆ ನಾನು ದೊಡ್ಡವಳಾಗೋ ಹೊತ್ತಿಗೆ ಎಷ್ಟು ಅಡಿ ಹೋಗಬೇಕು ಮಿಸ್?' ಸ್ತಂಭಾಲೇಖದ ಪಾಠದಲ್ಲಿ ಇಂಥ ಪ್ರಶ್ನೆ ನನಗೆ 18 ವರ್ಷದಲ್ಲಿ ಬಂದಿರಲಿಲ್ಲ.

ಮಕ್ಕಳ ಗ್ರಾಮಸಭೆಯಲ್ಲಿ ಅದನ್ನು ಗೋಡೆ ಮೇಲೆ ತೋರಿಸಿದರು. ಹಿರಿಯರೊಬ್ಬರು ಎದ್ದು 'ನನ್ನ ಹಳೆ ತೆರೆದ ಬಾವಿ ಲೆಕ್ಕ ಬಿಟ್ಟಿದ್ದೀರಿ, ಅದು ನಲವತ್ತು ಅಡಿಗೇ ನೀರು ಕೊಡುತ್ತಿತ್ತು' ಅಂತ ವಾದ ಮಾಡಿದರು. ಮಕ್ಕಳು ಅಲ್ಲೇ ಒಂದು ಸಾಲು ಸೇರಿಸಿದರು, ಗ್ರಾಫ್ ಅವರ ಕಣ್ಣೆದುರಿಗೇ ಬದಲಾಯಿತು. ಸಭೆಯಲ್ಲಿ ಸದ್ದಿರಲಿಲ್ಲ.

ಮಾನ್ಯರೇ, ಇದಕ್ಕೆ ಬೇಕಾದದ್ದು ಒಂದು ಹಳೆ ಲ್ಯಾಪ್‌ಟಾಪ್, ದುಡ್ಡಿಲ್ಲದೆ ಸಿಗುವ ಒಂದು ಸಾಫ್ಟ್‌ವೇರ್ ಮತ್ತು ಸಮಯ. ಇಂಟರ್‌ನೆಟ್ ಕೂಡ ಬೇಕಾಗಲಿಲ್ಲ. ಇಂಥವು ಇನ್ನೂ ಇವೆ. ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರಿನಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆದು, ಹೇಗೆ ಎಳೆದರೂ ಮೂರು ಕೋನ ಸೇರಿ 180 ಡಿಗ್ರಿಯೇ ಆಗುವುದನ್ನು ಮಗು ತಾನೇ ಕಾಣಬಹುದು. ಕಂಪ್ಯೂಟರಿನಲ್ಲೇ ಮಾಡುವ ಫೆಟ್ ಅನ್ನುವ ಪ್ರಯೋಗಗಳಲ್ಲಿ ಬಲ್ಬು, ತಂತಿ, ಸೆಲ್ಲು ಜೋಡಿಸಿ ತಪ್ಪು ಮಾಡಿ ಮತ್ತೆ ಮಾಡಬಹುದು. ಅದನ್ನು ಒಂದು ಸಲ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಆಮೇಲೆ ಟಾರ್ಚಿನ ನಿಜವಾದ ಬಲ್ಬು ಕೈಗೆ ಕೊಡಬೇಕು, ಅದನ್ನು ಬಿಡುವ ಹಾಗಿಲ್ಲ. ನೆಟ್ ಇಲ್ಲದೆ ಓದಲು ನೆರವಾಗುವ ಕಿವಿಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿದರೆ ಕನ್ನಡ ವಿಕಿಪೀಡಿಯವನ್ನೇ ಸಿಗ್ನಲ್ ಇಲ್ಲದ ಊರಿನ ಶಾಲೆಯಲ್ಲಿ ಇಟ್ಟುಕೊಳ್ಳಬಹುದು. ಇದ್ಯಾವುದಕ್ಕೂ ಲೈಸೆನ್ಸ್ ಮುಗಿಯುವ ಭಯವಿಲ್ಲ. ಹಾಗಿದ್ದ ಮೇಲೆ ಮೂರು ವರ್ಷಕ್ಕೆ ಬಾಗಿಲು ಹಾಕಿಕೊಳ್ಳುವ ಸಾಫ್ಟ್‌ವೇರಿಗೆ ಯಾಕೆ ಲಕ್ಷಗಟ್ಟಲೆ ಸುರಿಯಬೇಕು? ಮುಕ್ತವಾಗಿ ಸಿಗುವುದನ್ನು ಮೊದಲು ನೋಡಿ, ಅದರಲ್ಲಿ ಇಲ್ಲದ್ದಕ್ಕೆ ಮಾತ್ರ ದುಡ್ಡು ಕೊಡಿ. ಕೊಡುವುದಾದರೆ ಕನ್ನಡದಲ್ಲಿ ಹೊಸದಾಗಿ ಮಾಡುವವರಿಗೆ ಕೊಡಿ.

'ಮಕ್ಕಳ ಕೈಗೆ ಸ್ಕ್ರೀನ್ ಕೊಡಬಾರದು' ಅಂತ ಹೇಳುವವರೂ ನಿಮ್ಮಲ್ಲಿ ಇರಬಹುದು. ಅವರ ಮಾತಿನಲ್ಲಿ ಸತ್ಯವಿದೆ. ಫೋನು, ಗೇಮಿನ ಚಟ ಬಿಡಿಸಲು ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ. ಯುನೆಸ್ಕೋ ಕೂಡ 2023ರ ತನ್ನ ಶಿಕ್ಷಣ ವರದಿಯಲ್ಲಿ ತಂತ್ರಜ್ಞಾನವನ್ನು ಕಣ್ಣುಮುಚ್ಚಿ ನಂಬಬೇಡಿ ಅಂತ ಎಚ್ಚರಿಸಿದೆ. ನಾನೂ ಒಬ್ಬ ತಾಯಿ, ನನ್ನ ಮನೆಯಲ್ಲೂ ಫೋನಿನ ಜಗಳ ಇದೆ. ಆದರೆ ಒಂದು ಮಾತು. ಫೋನ್ ಈಗಾಗಲೇ ಮಕ್ಕಳ ಕೈಯಲ್ಲಿದೆ. ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ಅಸರ್ ಅನ್ನುವ ಶಿಕ್ಷಣ ಸಮೀಕ್ಷೆಯವರು 2024ರಲ್ಲಿ ಕೇಳಿದಾಗ ಶೇ. 82ಕ್ಕೂ ಹೆಚ್ಚು ಮಂದಿ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಅಂದರು. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76. ರೀಲ್ಸ್ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ಫೋನಿನಲ್ಲಿ ಅಜ್ಜಿಯ ಬೀಸುವ ಪದ ರೆಕಾರ್ಡ್ ಮಾಡಿ, ಬರೆದಿಟ್ಟು, ಯಾವ ಪದಕ್ಕೆ ಅರ್ಥ ಗೊತ್ತಿಲ್ಲ ಅಂತ ಅಜ್ಜಿಯನ್ನೇ ಕೇಳಬಹುದು ಅನ್ನುವುದನ್ನು ಯಾರಾದರೂ ತೋರಿಸಬೇಕು. ಅದನ್ನು ಶಾಲೆ ತೋರಿಸದಿದ್ದರೆ ಇನ್ಯಾರು ತೋರಿಸುತ್ತಾರೆ?

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ನನ್ನ ಕ್ಲಾಸಿನ 31 ಮಕ್ಕಳಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು 9 ಮನೆಯಲ್ಲಿ. ವಿದ್ಯಾಗಮ ಅಂತ ಅರಳಿಕಟ್ಟೆ, ದೇವಸ್ಥಾನದ ಜಗುಲಿ ಮೇಲೆ ಪಾಠ ಮಾಡಿದ್ದೇ ನಮ್ಮನ್ನು ಉಳಿಸಿತು. ಆ 9 ಮನೆಯಲ್ಲೂ ಫೋನ್ ಅಪ್ಪನದು, ಅಪ್ಪ ಬಂದ ಮೇಲೆ ಅಣ್ಣನದು, ಅಣ್ಣ ಬಿಟ್ಟ ಮೇಲೆ ಚಾರ್ಜ್ ಉಳಿದಿದ್ದರೆ ಇವಳದು. 2021ರಲ್ಲಿ ಸುಳ್ಯ ತಾಲ್ಲೂಕಿನ ಒಂದು ಊರಲ್ಲಿ ಮಗಳು ರಸ್ತೆ ಬದಿ ಮಳೆಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಗ ಅಪ್ಪ ಛತ್ರಿ ಹಿಡಿದು ನಿಂತ ಫೋಟೋ ನೀವೆಲ್ಲ ನೋಡಿದ್ದೀರಿ. ಆ ಅಪ್ಪನಿಗೆ ಕೈ ಮುಗಿಯುತ್ತೇನೆ. ಅಂಥ ಅಪ್ಪ ಎಲ್ಲರಿಗೂ ಸಿಗುವುದಿಲ್ಲ. ನನ್ನ ಎಷ್ಟೋ ಹುಡುಗಿಯರಿಗೆ ಕೀಲಿಮಣೆ ಮುಟ್ಟಲು ಸಿಗುವ ಜಾಗ ಶಾಲೆಯೊಂದೇ. ಬೀರುವಿಗೆ ಬೀಗ ಹಾಕಿದಾಗ ಗಂಡುಹುಡುಗರಿಗಿಂತ ಅವರಿಗೇ ನಷ್ಟ ಜಾಸ್ತಿ.

ಪಕ್ಕದ ಕೇರಳವನ್ನು ನೋಡಿ. ಅಲ್ಲಿ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟರು, ಅದೂ ಯಾರು ಬೇಕಾದರೂ ಬಳಸಿ ಬದಲಾಯಿಸಿಕೊಳ್ಳಬಹುದಾದ ಸ್ವತಂತ್ರ ಸಾಫ್ಟ್‌ವೇರ್ ಹಾಕಿಯೇ. 2018ರಿಂದ 'ಲಿಟಲ್ ಕೈಟ್ಸ್' ಅಂತ ಮಕ್ಕಳದೇ ಕೂಟಗಳನ್ನು ಕಟ್ಟಿದ್ದಾರೆ. ಮಕ್ಕಳು ಅನಿಮೇಷನ್ ಮಾಡುತ್ತಾರೆ, ಪ್ರೋಗ್ರಾಮಿಂಗ್ ಕಲಿಯುತ್ತಾರೆ, ಶಾಲೆಯ ಉಪಕರಣ ನೋಡಿಕೊಳ್ಳಲೂ ಕೈ ಜೋಡಿಸುತ್ತಾರೆ. ನಮ್ಮಿಂದ ಯಾಕಾಗುವುದಿಲ್ಲ? 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರೇ ಕೂತು ಕಾರ್ಡು ಬರೆದು 'ನಲಿ-ಕಲಿ' ಕಟ್ಟಿದ ರಾಜ್ಯ ನಮ್ಮದು. ಅದು ಮೇಲಿನಿಂದ ಪೆಟ್ಟಿಗೆಯಲ್ಲಿ ಬಂದದ್ದಲ್ಲ, ಶಿಕ್ಷಕರು ಮಾಡಿ, ನೋಡಿ, ತಿದ್ದಿ ಬೆಳೆಸಿದ್ದು. ಅದಕ್ಕೇ ಅಷ್ಟು ವರ್ಷ ಬಾಳಿತು. ಡಿಜಿಟಲ್ ಕಲಿಕೆಗೂ ಅಂಥದ್ದೇ ಒಂದು ಅವಕಾಶ ಕೊಡಿ. ಪ್ರತಿ ತಾಲ್ಲೂಕಿನಲ್ಲಿ ಆಸಕ್ತಿ ಇರುವ ಹತ್ತು ಶಿಕ್ಷಕರು ಸಿಗುತ್ತಾರೆ. ತಿಂಗಳಿಗೆ ಒಂದು ದಿನ ಅವರನ್ನು ಒಟ್ಟಿಗೆ ಕೂರಿಸಿ, ಆ ದಿನವನ್ನು ಕೆಲಸದ ದಿನ ಅಂತಲೇ ಲೆಕ್ಕ ಹಾಕಿ. ಎರಡು ದಿನದ ತರಬೇತಿ ಕೊಟ್ಟು, ಸರ್ಟಿಫಿಕೇಟ್ ಹಂಚಿ, ಮತ್ತೆ ತಿರುಗಿ ನೋಡದಿದ್ದರೆ ಯಾರಿಗೂ ಏನೂ ಬರುವುದಿಲ್ಲ.

ಸಮಯದ ವಿಷಯವನ್ನೂ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಈಗ ತಂತ್ರಜ್ಞಾನ ಜಾಸ್ತಿ ಬಳಕೆಯಾಗುತ್ತಿರುವುದು ಪಾಠಕ್ಕಲ್ಲ, ಮಾಹಿತಿ ತುಂಬುವುದಕ್ಕೆ. ಹಾಜರಾತಿ, ಊಟ, ಮೊಟ್ಟೆ, ಶೂ, ಅಂಕ, ಕಾರ್ಯಕ್ರಮದ ಫೋಟೋ, ಎಲ್ಲಕ್ಕೂ ನನ್ನ ಸ್ವಂತ ಫೋನು, ನನ್ನದೇ ಡೇಟಾ. ಸಂಜೆ ಐದಕ್ಕೆ ಮೆಸೇಜ್ ಬಂದು ಆರಕ್ಕೆ ಕಳಿಸಿ ಅಂದರೆ ಮರುದಿನದ ಪಾಠಕ್ಕೆ ತಯಾರಿ ಮಾಡುವುದು ಯಾವಾಗ? ಒಂದೇ ಮಾಹಿತಿಯನ್ನು ಮೂರು ಕಡೆ ಕೇಳುವುದನ್ನು ನಿಲ್ಲಿಸಿದರೆ ನನಗೆ ವಾರಕ್ಕೆ ಒಂದು ಬೋರ್‌ವೆಲ್ ಪಾಠದಷ್ಟು ಸಮಯ ಸಿಗುತ್ತದೆ.

ಇನ್ನೂ ಎರಡು ಸಣ್ಣ ಕೋರಿಕೆ ಇವೆ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾಯಿತು, ಬಿಲ್ಲಿನ ಚಿಂತೆಗೆ ಅದು ದೊಡ್ಡ ಸಮಾಧಾನ. ಆದರೆ ನಮ್ಮಲ್ಲಿ ಕರೆಂಟು ಮಧ್ಯಾಹ್ನ ಹೋದರೆ ಶಾಲೆ ಬಿಟ್ಟ ಮೇಲೆ ಬರುತ್ತದೆ. ಪ್ರೊಜೆಕ್ಟರ್ ಕೊಡುವ ದುಡ್ಡಿನಲ್ಲೇ ಒಂದು ಸಣ್ಣ ಸೋಲಾರ್ ಕೂಡ ಸೇರಿಸಿ. ಮತ್ತು ತಾಲ್ಲೂಕಿಗೆ ಒಬ್ಬರು ರಿಪೇರಿ ಮಾಡುವವರು ಇರಲಿ, ಫೋನ್ ಮಾಡಿದರೆ ವಾರದೊಳಗೆ ಬರುವಂಥವರು. ಐಟಿಐ, ಡಿಪ್ಲೊಮಾ ಮುಗಿಸಿ ಊರಲ್ಲೇ ಇರುವ ಹುಡುಗ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಮುಂದಿನ ಸಲ ಯಾವುದೇ ಶಾಲೆಗೆ ಏನಾದರೂ ಕೊಡಿಸುವ ಮೊದಲು ಆ ಶಾಲೆಯ ಟೀಚರನ್ನು, ಶಾಲಾಭಿವೃದ್ಧಿ ಸಮಿತಿಯವರನ್ನು (ಎಸ್‌ಡಿಎಂಸಿ), ಏಳನೇ ಕ್ಲಾಸಿನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಏನು ಬೇಕು ಅಂತ ಕೇಳಿ. ನಮ್ಮ ಮಕ್ಕಳನ್ನು ಕೇಳಿದ್ದರೆ ಇಪ್ಪತ್ತು ಟ್ಯಾಬ್ ಬದಲು ಆರು ಲ್ಯಾಪ್‌ಟಾಪ್ ಕೇಳುತ್ತಿದ್ದರು. ಟ್ಯಾಬ್‌ನ ಗಾಜಿನ ಮೇಲೆ ಬೆರಳಿಟ್ಟು ಕನ್ನಡ ಟೈಪ್ ಮಾಡುವುದು ಕಷ್ಟ ಅಂತ ಅವರಿಗೆ ಚೆನ್ನಾಗಿ ಗೊತ್ತಿದೆ.

ಶನಿವಾರ ನಮಗೆ ಬೆಳಗಿನ ಶಾಲೆ. ನಿಮ್ಮಲ್ಲಿ ಯಾರಾದರೂ ಒಂದು ಶನಿವಾರ ಬನ್ನಿ. ಶಾಮಿಯಾನ ಬೇಡ, ಹಾರ ಬೇಡ, ಮೊದಲೇ ತಿಳಿಸುವುದೂ ಬೇಡ. ಹಳೆ ಲ್ಯಾಪ್‌ಟಾಪಿನ ಬ್ಯಾಟರಿ ಹೋಗಿದೆ, ವೈರ್ ಹಾಕಿಕೊಂಡೇ ನಡೆಸುತ್ತೇವೆ, ಕರೆಂಟ್ ಇದ್ದರೆ ಮಕ್ಕಳು ಬೋರ್‌ವೆಲ್ ಪಟ್ಟಿ ತೆರೆದು ತೋರಿಸುತ್ತಾರೆ. ಈ ವರ್ಷದ ಮಕ್ಕಳು ಅದಕ್ಕೆ ಮಳೆಯ ಲೆಕ್ಕ ಸೇರಿಸುತ್ತಿದ್ದಾರೆ. ಅವರ ಪಕ್ಕ ಚಾಪೆ ಮೇಲೆ ಒಂದು ಗಂಟೆ ಕೂತು ಪ್ರಶ್ನೆ ಕೇಳಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಿ. ಆಮೇಲೆ ಆಫೀಸ್ ರೂಮಿಗೆ ಬನ್ನಿ, ಬೀರು ತೋರಿಸುತ್ತೇನೆ. ಬೀಗದ ಕೈ ನಮ್ಮ ಈಗಿನ ಹೆಡ್‌ಮಾಸ್ಟರ್ ಹತ್ತಿರ ಇದೆ. ನೀವು ಆ ಒಂದು ಹಾಳೆಗೆ ಸಹಿ ಹಾಕಿಕೊಟ್ಟರೆ ಅವತ್ತೇ ತೆಗೆಯುತ್ತೇನೆ ಅಂತ ಅವರು ಮಾತು ಕೊಟ್ಟಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ